ಮಳೆಗಾಲದ ಬೆಳಿಗ್ಗೆ ಹಿಡಿಯದ ಹಳೇ ಕಾರು: ಕಾರವಾರ–ಶಿರಸಿ ಕಡೆಯವರಿಗೆ ದೋಷ ನಿವಾರಣೆ ಕೈಪಿಡಿ

ಆರಿದ್ರಾ ಮಳೆ ಹಿಡಿಯಿತೆಂದರೆ ಹಳೇ ಪೆಟ್ರೋಲ್ ಕಾರುಗಳ ದೂರು ಬಹುತೇಕ ಒಂದೇ. ನಿನ್ನೆ ಸಂಜೆ ಸರಿಯಾಗಿ ಓಡಿದ ಗಾಡಿ ಬೆಳಿಗ್ಗೆ ಎಷ್ಟು ಸೆಲ್ಫ್ ಹೊಡೆದರೂ ಹಿಡಿಯುವುದಿಲ್ಲ. ಮಧ್ಯಾಹ್ನ ಒಂದು ತಾಸು ಬಿಸಿಲು ಬಿದ್ದರೆ ಏನೂ ಆಗದ ಹಾಗೆ ಸ್ಟಾರ್ಟ್ ಆಗುತ್ತದೆ. ಮೆಕ್ಯಾನಿಕ್ ಬರುವಷ್ಟರಲ್ಲಿ ದೋಷ ಮಾಯ. ಮುಂದಿನ ವಾರ ಮತ್ತದೇ ಕತೆ. ಅಂದಾಜಿನ ಮೇಲೆ ಮೊದಲು ಪ್ಲಗ್, ಆಮೇಲೆ ಕಾಯಿಲ್ (ಬ್ಯಾಟರಿಯ ವೋಲ್ಟನ್ನು ಕಿಡಿಗೆ ಬೇಕಾದಷ್ಟು ಏರಿಸುವ ಸುರುಳಿ), ಕೊನೆಗೆ ಬ್ಯಾಟರಿ ಎಂದು ಬದಲಾಯಿಸುತ್ತ ಹೋದರೆ ದುಡ್ಡು ಖರ್ಚಾಗುತ್ತದೆ, ಮೂಲ ಬಿರುಕು ಮಾತ್ರ ಕಿಡಿಯನ್ನು ಒಂದೊಂದು ಪ್ಲಗ್ಗಿಗೆ ಹಂಚುವ ಡಿಸ್ಟ್ರಿಬ್ಯೂಟರಿನ ಮುಚ್ಚಳ, ಅಂದರೆ ಕ್ಯಾಪಿನೊಳಗೆ ಹಾಗೇ ಕೂತಿರುತ್ತದೆ.

ಇಲ್ಲಿರುವುದು ಕಾರ್ಬ್ಯುರೇಟರ್ (ಪೆಟ್ರೋಲಿಗೆ ಗಾಳಿ ಬೆರೆಸುವ ಭಾಗ), ಡಿಸ್ಟ್ರಿಬ್ಯೂಟರ್ ಇರುವ ಗಾಡಿಗಳ ಮಾತು: ಹಳೇ ಮಾರುತಿ 800, ಓಮ್ನಿ, ಜಿಪ್ಸಿ, ಪದ್ಮಿನಿ, ಪೆಟ್ರೋಲ್ ಅಂಬಾಸಿಡರ್. ಎಂಪಿಎಫ್‌ಐ ಗಾಡಿ (ಕಾರ್ಬ್ಯುರೇಟರ್ ಬದಲು ಕಂಪ್ಯೂಟರ್ ಹೇಳಿದಂತೆ ಪೆಟ್ರೋಲ್ ಚಿಮ್ಮಿಸುವಂಥದು) ಮತ್ತು ಡೀಸೆಲ್ ಜೀಪಿನ ಬಗ್ಗೆ ಕೊನೆಯಲ್ಲಿ ನಾಲ್ಕು ಮಾತು ಇದೆ.

ಬೇಕಾಗುವ ಸಾಮಾನು ಹೆಚ್ಚೇನಿಲ್ಲ. ಒಂದು ಸಾದಾ ಮಲ್ಟಿಮೀಟರ್, ಎರಡು ವೈರು ಬೆಸೆದ 12 ವೋಲ್ಟಿನ ಬಲ್ಬು, ಸಣ್ಣ ಅಂತರ ಅಳೆಯುವ ಫೀಲರ್ ಗೇಜ್, ಪ್ಲಗ್ ಪಾನಾ, ಕೆಲಸ ಮಾಡುವ ಒಂದು ಹೆಚ್ಚುವರಿ ಪ್ಲಗ್, ಜಂಪರ್ ಕೇಬಲ್, ಒಣಗಿದ ಹತ್ತಿ ಬಟ್ಟೆ, ಗಿಡಕ್ಕೆ ನೀರು ಚಿಮುಕಿಸುವ ಸ್ಪ್ರೇ ಬಾಟಲಿ.

ಕೀ ತಿರುಗಿಸುವ ಮೊದಲು

ಗಾಡಿ ರಾತ್ರಿ ಶೆಡ್ಡಿನಲ್ಲಿ ನಿಂತು ಬೆಳಿಗ್ಗೆ ಹಿಡಿಯದಿರುವುದು ಬೇರೆ, ನೀರು ತುಂಬಿದ ರಸ್ತೆ ದಾಟುವಾಗ ನಡುವೆ ಬಂದ್ ಬಿದ್ದಿರುವುದು ಬೇರೆ. ಎರಡನೆಯದಾಗಿದ್ದರೆ ಸೆಲ್ಫ್ ಮುಟ್ಟಬೇಡಿ. ಏರ್ ಫಿಲ್ಟರ್ ಡಬ್ಬಿ ಬಿಚ್ಚಿ ನೋಡಿ. ಒಳಗೆ ನೀರಿದ್ದರೆ ಸಿಲಿಂಡರಿಗೂ ಹೋಗಿರಬಹುದು. ನೀರನ್ನು ಹಿಚುಕಲಾಗದು. ಪಿಸ್ಟನ್ ಮೇಲೆ ನೀರಿರುವಾಗ ಸೆಲ್ಫ್ ಹೊಡೆದರೆ ಕನೆಕ್ಟಿಂಗ್ ರಾಡ್ ಬಾಗುತ್ತದೆ, ಇಂಜಿನ್ನೇ ಇಳಿಸಬೇಕಾಗುತ್ತದೆ. ಎಲ್ಲ ಪ್ಲಗ್ ಬಿಚ್ಚಿ, ಕಾಯಿಲ್‌ನ ಸಣ್ಣ ವೈರ್ ತೆಗೆದಿಟ್ಟು, ಆಮೇಲೆ ಎರಡು ಮೂರು ಸೆಕೆಂಡು ಸೆಲ್ಫ್ ಕೊಡಿ. ನೀರಿದ್ದರೆ ಪ್ಲಗ್ ತೂತಿನಿಂದ ಚಿಮ್ಮುತ್ತದೆ, ಮುಖ ದೂರವಿರಲಿ. ಡಿಪ್‌ಸ್ಟಿಕ್ ಎಳೆದಾಗ ಆಯಿಲ್ ಹಾಲು ಹಾಕಿದ ಚಹಾದ ಬಣ್ಣಕ್ಕೆ ತಿರುಗಿದ್ದರೆ ಆಯಿಲ್ ಬದಲಿಸದೆ ಸ್ಟಾರ್ಟ್ ಮಾಡುವ ಮಾತೇ ಇಲ್ಲ.

ಸೆಲ್ಫಿನ ಸದ್ದು ಕೇಳಿ

ಉಳಿದ ಪತ್ತೆ ಕೆಲಸವೆಲ್ಲ ಈ ಒಂದು ಸದ್ದಿನಿಂದ ಶುರು. ಇಂಜಿನ್ ಎಂದಿನ ವೇಗದಲ್ಲಿ ತಿರುಗಿಯೂ ಹಿಡಿಯದಿದ್ದರೆ ಕಿಡಿ ಅಥವಾ ಪೆಟ್ರೋಲಿನ ತೊಂದರೆ. ‘ಟಕ್’ ಎಂದು ಸುಮ್ಮನಾದರೆ, ಅಥವಾ ಏದುಸಿರು ಬಿಡುವ ಹಾಗೆ ನಿಧಾನ ತಿರುಗಿದರೆ ಬ್ಯಾಟರಿ, ಟರ್ಮಿನಲ್ ಅಥವಾ ಅರ್ಥ್ (ಕರೆಂಟ್ ಇಂಜಿನ್, ಬಾಡಿಯ ಮೂಲಕ ಬ್ಯಾಟರಿಗೆ ಮರಳುವ ದಾರಿ). ಹೆಚ್ಚಿನವರು ಈ ಎರಡನ್ನು ಕಲಸಿಬಿಡುತ್ತಾರೆ.

ನಿಧಾನ ತಿರುಗುವ ಗಾಡಿಗೆ ಮೊದಲು ಮೀಟರ್ ಇಡಿ. ರಾತ್ರಿಯಿಡೀ ನಿಂತ ಬ್ಯಾಟರಿ 12.6 ವೋಲ್ಟ್ ತೋರಿಸಿದರೆ ತುಂಬಿದೆ, 12.2 ಅಂದರೆ ಅರ್ಧ. ಸೆಲ್ಫ್ ಹೊಡೆಯುವಾಗ 10ರ ಕೆಳಗೆ ಇಳಿಯುತ್ತಿದ್ದರೆ ನಮ್ಮ ಹವೆಯಲ್ಲಿ ಅದು ಅನುಮಾನ ಪಡಬೇಕಾದ ಲೆಕ್ಕ. ಇಲ್ಲಿ ಜುಲೈ ಬೆಳಿಗ್ಗೆಯೂ ಹೇಳಿಕೊಳ್ಳುವಂಥ ಚಳಿ ಇರುವುದಿಲ್ಲ, ‘ಥಂಡಿಗೆ ಬ್ಯಾಟರಿ ಕೂತಿತು’ ಎಂಬ ಸಮಜಾಯಿಷಿ ಕರಾವಳಿಯಲ್ಲಿ ನಡೆಯುವುದಿಲ್ಲ.

ಬ್ಯಾಟರಿ ಸರಿಯಿದ್ದೂ ಸೆಲ್ಫ್ ಸೋತರೆ ಅರ್ಥ್ ನೋಡಿ. ಕಾರವಾರ, ಅಂಕೋಲಾ, ಗೋಕರ್ಣ, ಹೊನ್ನಾವರದ ಗಾಡಿಗಳಲ್ಲಿ ಇದು ಬಹಳ ಸಾಮಾನ್ಯ. ಇಂಜಿನ್ನಿನಿಂದ ಬಾಡಿಗೆ ಬರುವ ಹೆಣೆದ ತಾಮ್ರದ ಪಟ್ಟಿ ಉಪ್ಪುಗಾಳಿಗೆ ಹಸಿರು ಕಿಲುಬು ಹಿಡಿದು ಒಳಗೊಳಗೇ ಪುಡಿಯಾಗಿರುತ್ತದೆ. ಹೊರಗಿನಿಂದ ಗಟ್ಟಿ ಕಾಣುತ್ತದೆ, ಬಗ್ಗಿಸಿದರೆ ಉದುರುತ್ತದೆ. ಪರೀಕ್ಷೆ ಒಂದು ನಿಮಿಷದ್ದು: ಜಂಪರ್ ಕೇಬಲಿನ ಒಂದು ತುದಿ ಬ್ಯಾಟರಿಯ ನೆಗೆಟಿವ್‌ಗೆ, ಇನ್ನೊಂದು ತುದಿ ಇಂಜಿನ್ ಬ್ಲಾಕಿನ ಬಣ್ಣವಿಲ್ಲದ ಕಬ್ಬಿಣಕ್ಕೆ ಕಚ್ಚಿಸಿ ಸೆಲ್ಫ್ ಕೊಡಿ. ಚುರುಕಾಗಿ ತಿರುಗಿದರೆ ತಪ್ಪು ಅರ್ಥಿನದೇ. ಮೀಟರ್ ಇದ್ದರೆ ನೆಗೆಟಿವ್ ಟರ್ಮಿನಲ್‌ನಿಂದ ಬ್ಲಾಕಿಗೆ ಸೆಲ್ಫ್ ಹೊಡೆಯುವಾಗ ಅಳೆಯಿರಿ. 0.3 ವೋಲ್ಟ್ ದಾಟಬಾರದು. ಪಾಸಿಟಿವ್ ಕಡೆ, ಬ್ಯಾಟರಿಯಿಂದ ಸೆಲ್ಫ್ ಮೋಟರಿನ ದಪ್ಪ ಬೋಲ್ಟಿನವರೆಗೆ 0.5ರ ಒಳಗಿರಬೇಕು. ಇನ್ನೊಂದು ಗುರುತು, ಸೆಲ್ಫ್ ಹೊಡೆದ ಮೇಲೆ ಚೋಕ್ ಅಥವಾ ಆಕ್ಸಿಲರೇಟರ್ ಕೇಬಲ್ ಬಿಸಿಯಾಗಿದ್ದರೆ ಕರೆಂಟ್ ಪಟ್ಟಿಯ ಬದಲು ಆ ಕೇಬಲ್ ಹಿಡಿದು ಓಡಾಡುತ್ತಿದೆ ಎಂದರ್ಥ.

ಟರ್ಮಿನಲ್ಲಿನ ಬಿಳಿ ಹಸಿರು ಹಿಟ್ಟಿಗೆ ಕಾಲು ಲೀಟರ್ ನೀರಿನಲ್ಲಿ ಒಂದು ದೊಡ್ಡ ಚಮಚ ಅಡುಗೆ ಸೋಡಾ ಕರಗಿಸಿ ಹಳೇ ಹಲ್ಲುಜ್ಜುವ ಬ್ರಷ್ಷಿನಿಂದ ತಿಕ್ಕಿ. ಸೋಡಾ ನೀರು ಬ್ಯಾಟರಿಯ ತೂತಿನೊಳಗೆ ಹೋಗದಿರಲಿ. ಪಟ್ಟಿ ಕೂರುವ ಜಾಗವನ್ನು ಹೊಳೆಯುವ ಕಬ್ಬಿಣ ಕಾಣುವವರೆಗೆ ಉಜ್ಜಿ, ಬಿಗಿದು, ಬಿಗಿದ ಮೇಲೆ ವ್ಯಾಸಲಿನ್ ಸವರಿ. ಮೊದಲೇ ಸವರಿ ಆಮೇಲೆ ಬಿಗಿಯುವವರಿದ್ದಾರೆ, ಅದು ತಲೆಕೆಳಗು.

ಕಿಡಿ ಸೋರುವುದು ಹೇಗೆ

ಸೆಲ್ಫ್ ಚುರುಕಾಗಿದ್ದೂ ಹಿಡಿಯದ ಗಾಡಿ ಮಳೆಗಾಲದಲ್ಲಿ ಹತ್ತಿಗೆ ಏಳೆಂಟು ಸಲ ಕಿಡಿಯನ್ನು ದಾರಿಯಲ್ಲಿ ಕಳೆದುಕೊಂಡಿರುತ್ತದೆ. ಪ್ಲಗ್ ತುದಿಯ ಅಂತರ ಹಾರಲು 10 ಸಾವಿರ ವೋಲ್ಟ್‌ಗೂ ಮೀರಿದ ಒತ್ತಡ ಬೇಕು. ಕ್ಯಾಪಿನ ಮೇಲೆ ಒದ್ದೆ ಪದರವಿದ್ದರೆ ಆ ಒತ್ತಡಕ್ಕೆ ಪ್ಲಗ್ಗಿಗಿಂತ ಸುಲಭದ ದಾರಿ ಸಿಗುತ್ತದೆ. ಕಿಡಿ ಮೇಲ್ಮೈಯಲ್ಲೇ ಹರಿದು ಬಾಡಿಗೆ ಸೇರುತ್ತದೆ.

ಆದರೆ ಒದ್ದೆ ಎಲ್ಲ ಕಾರಿಗೂ ಆಗುತ್ತದೆ, ಪಕ್ಕದ ಮನೆಯದು ಹಿಡಿಯುತ್ತದೆ, ನಿಮ್ಮದು ಇಲ್ಲ. ಯಾಕೆಂದರೆ ಸಾಮಾನ್ಯವಾಗಿ ಮೂರು ಸಣ್ಣ ಕುಂದುಗಳು ಕೂಡಿಕೊಂಡಿರುತ್ತವೆ. ಪ್ಲಗ್ ಸವೆದು ಅಂತರ 0.7ರಿಂದ ಏರಿ 1 ಮಿ.ಮೀ. ದಾಟಿದ್ದರೆ ಬೇಕಾಗುವ ಒತ್ತಡವೇ ಏರುತ್ತದೆ. ಬ್ಯಾಟರಿ ಬಲ ಕಮ್ಮಿಯಿದ್ದು ಸೆಲ್ಫ್ ಹೊಡೆಯುವಾಗ 9 ವೋಲ್ಟಿಗೆ ಇಳಿದರೆ ಕಾಯಿಲ್ಲಿನಲ್ಲಿ ಕೂಡುವ ಶಕ್ತಿ 12.6 ಇದ್ದಾಗಿನ ಹೆಚ್ಚುಕಡಿಮೆ ಅರ್ಧಕ್ಕೆ ಬರುತ್ತದೆ. ಇವೆರಡರ ಮೇಲೆ ಕ್ಯಾಪಿನ ಒದ್ದೆ. ಬೇಸಿಗೆಯಲ್ಲಿ ಮೊದಲೆರಡು ಕುಂದಿದ್ದೂ ಗಾಡಿ ಓಡುತ್ತಿರುತ್ತದೆ. ತಳ್ಳಿದರೆ ಹಿಡಿಯುತ್ತದೆ, ಸೆಲ್ಫಿಗೆ ಹಿಡಿಯುವುದಿಲ್ಲ ಎನ್ನುವ ಗಾಡಿಯ ಗುಟ್ಟೂ ಇದೇ. ತಳ್ಳುವಾಗ ಬ್ಯಾಟರಿಯ ಪೂರ್ತಿ ವೋಲ್ಟು ಕಾಯಿಲ್ಲಿಗೆ ಸಿಗುತ್ತದೆ. ಶಿರಸಿ ಕಡೆ ಇಳುಕಲಿನಲ್ಲಿ ಗಾಡಿ ನಿಲ್ಲಿಸಿ ಬೆಳಿಗ್ಗೆ ಉರುಳಿಸಿ ಹಿಡಿಸುವ ಅಭ್ಯಾಸವಿದ್ದವರಿಗೆ ಈ ದೋಷ ವರ್ಷಗಟ್ಟಲೆ ಗೊತ್ತೇ ಆಗುವುದಿಲ್ಲ.

ಕರಾವಳಿಗೂ ಘಟ್ಟದ ಮೇಲಿಗೂ ಇಲ್ಲೊಂದು ವ್ಯತ್ಯಾಸವಿದೆ. ಗಾಳಿಯ ತೇವಾಂಶ ಶೇ. 75 ದಾಟಿದರೆ ಉಪ್ಪು ತಾನೇ ನೀರೆಳೆದುಕೊಂಡು ಕರಗುತ್ತದೆ. ಅಡುಗೆಮನೆಯ ಉಪ್ಪಿನ ಭರಣಿ ನೋಡಿದವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ಬೈತಖೋಲ, ಕೋಡಿಬಾಗ ಕಡೆ ಸಮುದ್ರದ ಮಗ್ಗುಲಲ್ಲಿ ನಿಲ್ಲುವ ಕಾರಿನ ಕ್ಯಾಪ್, ವೈರ್, ಕಾಯಿಲ್ ಮೇಲೆಲ್ಲ ತೆಳ್ಳನೆ ಉಪ್ಪು ಕೂತಿರುತ್ತದೆ. ಮಳೆ ಬಾರದ ಬೆಳಿಗ್ಗೆಯೂ ಅದು ಒದ್ದೆ, ಮತ್ತು ಉಪ್ಪುನೀರು ಮಳೆನೀರಿಗಿಂತ ಎಷ್ಟೋ ಪಾಲು ಚೆನ್ನಾಗಿ ಕರೆಂಟ್ ಒಯ್ಯುತ್ತದೆ. ಹೆದ್ದಾರಿ 66ರಲ್ಲಿ ಮೀನಿನ ಲಾರಿಯ ಹಿಂದೆ ಹೋದರೆ ಅದು ಸುರಿಸಿಕೊಂಡು ಹೋಗುವ ಐಸು ನೀರೂ ಬಾನೆಟ್ಟಿನೊಳಗೆ ಬರುತ್ತದೆ. ಹೀಗಾಗಿ ಕರಾವಳಿಯಲ್ಲಿ ಒರೆಸಿದರೆ ಸಾಲದು, ತೊಳೆಯಬೇಕು. ಸುಮಾರು 600 ಮೀಟರ್ ಎತ್ತರದ ಶಿರಸಿ, ಸಿದ್ದಾಪುರದಲ್ಲಿ ಉಪ್ಪಿನ ಕಾಟವಿಲ್ಲ. ಅಲ್ಲಿ ತೊಂದರೆ ಮಂಜಿನದು. ಸಂಜೆ ಬಿಸಿಯಾಗಿ ನಿಂತ ಇಂಜಿನ್ ರಾತ್ರಿ ಆರುವಾಗ ಕ್ಯಾಪಿನ ಒಳಮೈಗೆ ಹನಿ ಕಟ್ಟುತ್ತದೆ. ಹೊರಗೆ ಒಣಗಿದಂತೆ ಕಂಡರೂ ಒಳಗೆ ಬೆವರು.

ಕಿಡಿ ಎಲ್ಲಿಯವರೆಗೆ ಬರುತ್ತಿದೆ

ಮೊದಲು ಒಂದು ಪ್ಲಗ್ ವೈರ್ ಕಿತ್ತು, ಹೆಚ್ಚುವರಿ ಪ್ಲಗ್ಗಿಗೆ ಸಿಕ್ಕಿಸಿ, ಪ್ಲಗ್ಗಿನ ಕಬ್ಬಿಣದ ಮೈ ಇಂಜಿನ್ನಿಗೆ ಭದ್ರವಾಗಿ ತಾಗುವಂತೆ ಜಂಪರ್ ಕೇಬಲ್ಲಿನಿಂದ ಕಚ್ಚಿಸಿ. ಕೈಯಲ್ಲಿ ಹಿಡಿಯಬೇಡಿ. ಸುತ್ತ ಪೆಟ್ರೋಲ್ ವಾಸನೆ ಇದ್ದರೆ ಆರುವವರೆಗೆ ಕಾಯಿರಿ. ಹೃದಯಕ್ಕೆ ಪೇಸ್‌ಮೇಕರ್ ಹಾಕಿಸಿಕೊಂಡವರು ಈ ಕೆಲಸದಿಂದ ದೂರವಿರಲಿ. ಇನ್ನೊಬ್ಬರು ಸೆಲ್ಫ್ ಕೊಡಲಿ. ನೀಲಿ ಬಣ್ಣದ, ‘ಚಟ್ ಚಟ್’ ಎಂದು ಕೇಳುವ ಕಿಡಿ ಬಂದರೆ ಕಿಡಿಯ ಲೆಕ್ಕ ಬಹುಪಾಲು ಚುಕ್ತಾ, ಪ್ಲಗ್ ಮತ್ತು ಪೆಟ್ರೋಲಿನ ಕಡೆ ಹೋಗಿ. ಹಳದಿ, ಕೆಂಪು, ಸಣಕಲು ಕಿಡಿ ಅಥವಾ ಕಿಡಿಯೇ ಇಲ್ಲದಿದ್ದರೆ ಮುಂದಿನ ಹೆಜ್ಜೆ.

ಕಾಯಿಲ್‌ನಿಂದ ಕ್ಯಾಪಿನ ನಡುವಿಗೆ ಬರುವ ದಪ್ಪ ವೈರನ್ನು ಕ್ಯಾಪ್ ಕಡೆಯಿಂದ ಕಿತ್ತು ಅದೇ ಪರೀಕ್ಷೆ ಮಾಡಿ. ಇಲ್ಲಿ ಜೋರು ಕಿಡಿ, ಪ್ಲಗ್ ವೈರಿನಲ್ಲಿ ಇಲ್ಲ ಎಂದಾದರೆ ಕಳ್ಳ ಕ್ಯಾಪ್, ಅದರೊಳಗೆ ತಿರುಗುವ ರೋಟರ್, ಪ್ಲಗ್ ವೈರ್ ಈ ಮೂರರಲ್ಲೇ ಇದ್ದಾನೆ. ಇಲ್ಲೂ ಕಿಡಿ ಇಲ್ಲವಾದರೆ ಕಾಯಿಲ್, ಪಾಯಿಂಟ್ (ತೆರೆದು ಮುಚ್ಚಿ ಕಾಯಿಲ್ಲಿನ ಕರೆಂಟ್ ಕಡಿಯುವ ಸ್ವಿಚ್ಚು), ಕಂಡೆನ್ಸರ್ (ಪಾಯಿಂಟ್ ಸುಡದಂತೆ ಕಾಯುವ ಸಣ್ಣ ಡಬ್ಬಿ) ಅಥವಾ ಅವಕ್ಕೆ ಬರುವ ಕರೆಂಟು. ಪಾಯಿಂಟ್ ಬದಲು ಎಲೆಕ್ಟ್ರಾನಿಕ್ ಮಾಡ್ಯೂಲ್ ಇರುವ ಗಾಡಿಯಲ್ಲಿ ದಪ್ಪ ವೈರನ್ನು ಎಲ್ಲಿಗೂ ತಾಗಿಸದೆ ಗಾಳಿಯಲ್ಲಿ ಬಿಟ್ಟು ಸೆಲ್ಫ್ ಹೊಡೆದರೆ ಮಾಡ್ಯೂಲ್ ಸುಡಬಹುದು.

ಕ್ಯಾಪ್

ವೈರ್ ಕೀಳುವ ಮೊದಲು ಗುರುತು ಹಾಕಿ. ಮಾರುತಿ 800, ಓಮ್ನಿಯ ಮೂರು ಸಿಲಿಂಡರಿನ ಫೈರಿಂಗ್ ಆರ್ಡರ್ (ಸಿಲಿಂಡರುಗಳಿಗೆ ಕಿಡಿ ಸಿಗುವ ಸರದಿ) 1-3-2. ಪದ್ಮಿನಿ, ಅಂಬಾಸಿಡರಿನದು 1-3-4-2. ಗುರುತನ್ನು ಪೆನ್ಸಿಲ್ಲಿನಲ್ಲಿ ಹಾಕಬೇಡಿ. ಪೆನ್ಸಿಲ್ ಕಡ್ಡಿ ಗ್ರಾಫೈಟು, ಕ್ಯಾಪಿನ ಮೇಲೆ ನೀವೇ ಕಿಡಿಗೆ ಕಾಲುದಾರಿ ಗೀಚಿಕೊಟ್ಟಂತಾಗುತ್ತದೆ. ಬಣ್ಣದ ಟೇಪನ್ನು ವೈರಿಗೆ ಸುತ್ತಿದರೆ ಸಾಕು.

ಕ್ಯಾಪ್ ಬಿಚ್ಚಿ ಟಾರ್ಚ್ ಬೆಳಕನ್ನು ಓರೆಯಾಗಿ ಬಿಟ್ಟು ನೋಡಿ. ಹುಡುಕಬೇಕಾದ್ದು ಕೂದಲೆಳೆಯ ಬಿರುಕು ಮತ್ತು ಕಪ್ಪು ಗೆರೆ. ಕಿಡಿ ಒಂದೇ ಜಾಗದಲ್ಲಿ ಪದೇ ಪದೇ ಸೋರಿದರೆ ಅಲ್ಲಿಯ ಬೇಕಲೈಟ್ (ಕ್ಯಾಪಿನ ಗಟ್ಟಿ ಪ್ಲಾಸ್ಟಿಕ್) ಸುಟ್ಟು ಇದ್ದಿಲಾಗುತ್ತದೆ. ಮರದ ಬೇರಿನ ಹಾಗೆ ಕವಲೊಡೆದ ಸಣ್ಣ ಗೆರೆ ಒಂದು ಹಿತ್ತಾಳೆ ಮೊಳೆಯಿಂದ ಇನ್ನೊಂದಕ್ಕೋ, ಅಂಚಿನ ಕಡೆಗೋ ಹೊರಟಿರುತ್ತದೆ. ಇದ್ದಿಲು ಕರೆಂಟ್ ಒಯ್ಯುತ್ತದೆ, ಆದ್ದರಿಂದ ಆ ಗೆರೆ ಬಿದ್ದ ಮೇಲೆ ಒಣಗಿದ್ದಾಗಲೂ ಸ್ವಲ್ಪ ಸೋರುತ್ತಲೇ ಇರುತ್ತದೆ. ಬ್ಲೇಡಿನಿಂದ ಕೆರೆದರೆ ಅಂಕೋಲೆಯಿಂದ ಯಲ್ಲಾಪುರಕ್ಕೆ ಮುಟ್ಟಬಹುದು, ಅಷ್ಟೇ. ಮೆರುಗು ಹೋದ ಮೈಗೆ ಇನ್ನಷ್ಟು ಬೇಗ ತೇವ ಹಿಡಿಯುತ್ತದೆ. ಹೊಸ ಕ್ಯಾಪ್ ಹಾಕಿ.

ಗೆರೆ ಇಲ್ಲದಿದ್ದರೆ ಕ್ಯಾಪ್ ಉಳಿಯುತ್ತದೆ. ನಡುವಿನ ಕಾರ್ಬನ್ ಗುಂಡಿ ಒತ್ತಿದರೆ ಒಳಗೆ ಹೋಗಿ ಪುಟಿದು ಬರಬೇಕು. ಸ್ಪ್ರಿಂಗ್ ತುಕ್ಕು ಹಿಡಿದು ಅದು ಒಳಗೇ ಕೂತಿದ್ದರೆ ಕಿಡಿ ಎರಡು ಕಡೆ ಹಾರಬೇಕಾಗುತ್ತದೆ. ಹಿತ್ತಾಳೆ ಮೊಳೆಗಳ ಮೇಲೆ ಹಸಿರು ಅಥವಾ ಬಿಳಿ ಪುಡಿ ಇದ್ದರೆ ತೆಗೆಯಿರಿ. ಇದು ಹೊರಗಿನ ಮಳೆಯಿಂದ ಬಂದದ್ದೇ ಆಗಬೇಕೆಂದಿಲ್ಲ. ಕ್ಯಾಪಿನೊಳಗೆ ಕಿಡಿ ಹಾರುವಾಗ ಓಜೋನ್, ನೈಟ್ರೋಜನ್ ಆಕ್ಸೈಡ್ ಹುಟ್ಟುತ್ತವೆ, ತೇವದ ಜೊತೆ ಸೇರಿ ನೈಟ್ರಿಕ್ ಆಮ್ಲವಾಗಿ ಹಿತ್ತಾಳೆಯನ್ನು ತಿನ್ನುತ್ತವೆ. ಆ ಗಾಳಿ ಹೊರಹೋಗಲೆಂದೇ ಹಲವು ಡಿಸ್ಟ್ರಿಬ್ಯೂಟರಿನಲ್ಲಿ ಸಣ್ಣ ತೂತು ಇರುತ್ತದೆ. ‘ನೀರು ಒಳಗೆ ಹೋಗುತ್ತದೆ’ ಎಂದು ಎಂಸೀಲ್ ಹಚ್ಚಿ ಅದನ್ನು ಮುಚ್ಚಿಬಿಡುವುದು ಇಲ್ಲಿ ಕಂಡುಬರುವ ದೊಡ್ಡ ಎಡವಟ್ಟು. ಕೆಸರಿನಿಂದ ಮುಚ್ಚಿದ್ದರೂ ಬಿಡಿಸಿ.

ತೊಳೆಯುವುದು ಸೋಪಿನ ಬಿಸಿನೀರಿನಲ್ಲಿ, ಮೆತ್ತನೆ ಬ್ರಷ್ಷಿನಿಂದ. ಎರಡು ಸಲ ಸಿಹಿನೀರಿನಲ್ಲಿ ಜಾಲಾಡಿ. ಒಣಗಿಸುವುದೇ ಪುಷ್ಯ ಮಳೆಯಲ್ಲಿ ತಾಪತ್ರಯ. ತಲೆಗೂದಲು ಒಣಗಿಸುವ ಡ್ರೈಯರ್ ಇದ್ದರೆ ಹತ್ತು ನಿಮಿಷ. ಇಲ್ಲದಿದ್ದರೆ ಒಲೆಯ ಪಕ್ಕದ ಬೆಚ್ಚಗಿನ ಜಾಗ, ಆದರೆ ಅಡಿಕೆ ಒಣಗಿಸುವ ಅಟ್ಟದ ಹಾಗೆ ಹೊಗೆಯ ಮೇಲೆ ಬೇಡ. ಮಸಿ ಎಂದರೆ ಮತ್ತೆ ಇದ್ದಿಲೇ. ಕೂರಿಸುವಾಗ ಎರಡೂ ಕಡೆಯ ಕ್ಲಿಪ್ ಅಥವಾ ಸ್ಕ್ರೂ ಕಚ್ಚಿದೆಯೇ ನೋಡಿ, ಅಂಚಿನ ರಬ್ಬರ್ ರಿಂಗ್ ಗಟ್ಟಿಯಾಗಿದ್ದರೆ ಬದಲಿಸಿ. ಅರೆಬರೆ ಕೂತ ಕ್ಯಾಪ್ ತೇವವನ್ನೂ ಬಿಟ್ಟುಕೊಳ್ಳುತ್ತದೆ, ರೋಟರಿಗೂ ಬಡಿಯುತ್ತದೆ.

ರೋಟರಿನಲ್ಲಿ ನೋಡಬೇಕಾದ್ದು ಅಡಿಭಾಗ. ಮೇಲಿನ ಹಿತ್ತಾಳೆ ಪಟ್ಟಿಯಿಂದ ಪ್ಲಾಸ್ಟಿಕ್ ತೂತುಬಿದ್ದು ಕಿಡಿ ನೇರ ಕೆಳಗಿನ ಶಾಫ್ಟಿಗೆ ಇಳಿಯುತ್ತಿದ್ದರೆ ತಳದಲ್ಲಿ ಸಾಸಿವೆಕಾಳಿನಷ್ಟು ಕಪ್ಪು ಚುಕ್ಕೆ ಕಾಣುತ್ತದೆ. ತುದಿ ಸ್ವಲ್ಪ ಕರಿದಾಗಿರುವುದು ಸಹಜ. ಅದನ್ನು ಅರದಿಂದ ಉಜ್ಜಿ ಹೊಳಪಿಸಲು ಹೋಗಿ ಅಂತರ ಹೆಚ್ಚಿಸಬೇಡಿ. ಕ್ಯಾಪ್ ಹೊಸದು ಹಾಕಿದರೆ ರೋಟರೂ ಹೊಸದೇ ಇರಲಿ.

ವೈರುಗಳು, ಮತ್ತು ಕತ್ತಲ ಪರೀಕ್ಷೆ

ಕಾರ್ಬನ್ ಎಳೆಯ ವೈರಿನ ರೆಸಿಸ್ಟೆನ್ಸ್ ಮೀಟರ್ ಉದ್ದಕ್ಕೆ ಸುಮಾರು 10ರಿಂದ 20 ಕಿಲೋಓಮ್. ಮೂರೋ ನಾಲ್ಕೋ ವೈರ್ ಅಳೆದು ಒಂದಕ್ಕೊಂದು ಹೋಲಿಸಿ, ಉದ್ದಕ್ಕೆ ತಕ್ಕ ಹಾಗೆ ಇರಬೇಕು. ಒಂದು ಮಾತ್ರ ನೂರಾರು ಕಿಲೋಓಮ್ ತೋರಿಸಿದರೆ ಅಥವಾ ಬಗ್ಗಿಸಿದಾಗ ಓದು ಜಿಗಿದಾಡಿದರೆ ಎಳೆ ಒಳಗೆ ತುಂಡಾಗಿದೆ. ಹಳೇ ಪದ್ಮಿನಿಯಲ್ಲಿ ತಾಮ್ರದ ಎಳೆಯ ವೈರ್ ಇದ್ದರೆ ಸೊನ್ನೆಯ ಹತ್ತಿರ ತೋರಿಸುತ್ತದೆ, ಅದು ದೋಷವಲ್ಲ. ವೈರನ್ನು ಯಾವಾಗಲೂ ರಬ್ಬರ್ ಟೋಪಿ ಹಿಡಿದೇ ಕೀಳಬೇಕು.

ಆದರೆ ಮೀಟರ್ ಹೊರಗಿನ ಸಿಪ್ಪೆಯ ಬಿರುಕನ್ನು ತೋರಿಸುವುದಿಲ್ಲ. ಅದಕ್ಕೆ ಕತ್ತಲೇ ಬೇಕು. ಗಾಡಿ ಒಣಗಿ ಸ್ಟಾರ್ಟ್ ಆಗಿರುವ ದಿನ, ರಾತ್ರಿ ಬಯಲಲ್ಲಿ ನಿಲ್ಲಿಸಿ (ಮುಚ್ಚಿದ ಶೆಡ್ಡಿನಲ್ಲಿ ಇಂಜಿನ್ ಓಡಿಸಿದರೆ ಹೊಗೆ ಪ್ರಾಣಕ್ಕೆ ಬರುತ್ತದೆ), ಹ್ಯಾಂಡ್‌ಬ್ರೇಕ್ ಎಳೆದು, ನ್ಯೂಟ್ರಲ್ಲಿನಲ್ಲಿ ಇಂಜಿನ್ ಓಡಲು ಬಿಡಿ. ಸೆರಗು, ಲುಂಗಿ, ಸಡಿಲ ತೋಳು ಫ್ಯಾನಿನ ಹತ್ತಿರ ಬಾರದಿರಲಿ. ಸ್ಪ್ರೇ ಬಾಟಲಿಯಿಂದ ಸಿಹಿನೀರನ್ನು ಮಂಜಿನಂತೆ ಚಿಮುಕಿಸಿ. ಮೊದಲು ಪ್ಲಗ್ ಟೋಪಿಗಳಿಗೆ, ಆಮೇಲೆ ವೈರ್‌ಗಳಿಗೆ, ಆಮೇಲೆ ಕ್ಯಾಪ್, ಕೊನೆಗೆ ಕಾಯಿಲ್ ಮೂತಿ. ಒಂದೊಂದರ ನಡುವೆ ಅರ್ಧ ನಿಮಿಷ ಬಿಡಿ. ಎಲ್ಲಕ್ಕೂ ಒಟ್ಟಿಗೆ ಎರಚಿದರೆ ಏನೂ ಗೊತ್ತಾಗುವುದಿಲ್ಲ. ಸೋರುವ ಕಡೆ ನೀಲಿ ಹುಳುವಿನಂಥ ಬೆಳಕು ಹರಿದಾಡುತ್ತದೆ, ‘ಟಿಕ್ ಟಿಕ್’ ಸದ್ದು ಬರುತ್ತದೆ, ಇಂಜಿನ್ ಎಡವುತ್ತದೆ. ಮೂರರಲ್ಲಿ ಒಂದು ಕಂಡರೂ ಜಾಗ ಸಿಕ್ಕಂತೆ. ಈ ಪರೀಕ್ಷೆಗೆ ಕಾಲು ತಾಸು ಸಾಕು, ಅಂದಾಜಿನ ಮೇಲೆ ಕೊಳ್ಳುವ ನಾಲ್ಕು ಬಿಡಿಭಾಗದ ದುಡ್ಡು ಉಳಿಯುತ್ತದೆ.

ಓಮ್ನಿಯವರಿಗೆ ಒಂದು ಮಾತು: ಇಂಜಿನ್ ಮುಂದಿನ ಸೀಟಿನ ಕೆಳಗೆ ರಸ್ತೆಗೆ ಹತ್ತಿರ ಇರುವುದರಿಂದ ಚಕ್ರ ಎರಚುವ ನೀರು ನೇರ ಅಲ್ಲಿಗೇ. ಕೆಳಗಿನ ರಕ್ಷಣಾ ಹಾಳೆ ಹರಿದಿದ್ದರೆ ಎಷ್ಟು ಒಣಗಿಸಿದರೂ ದೇವಿಮನೆ ಘಟ್ಟ ಹತ್ತುವಷ್ಟರಲ್ಲಿ ಮತ್ತೆ ಒದ್ದೆ. ಹಾಳೆ ಮೊದಲು ಹಾಕಿಸಿ.

ಕಾಯಿಲ್, ಪಾಯಿಂಟ್, ಕಂಡೆನ್ಸರ್

ಕಾಯಿಲ್ ಮೂತಿಯ ಸುತ್ತ ಉಪ್ಪು, ಧೂಳು, ಆಯಿಲ್ ಸೇರಿದ ಜಿಡ್ಡು ಇದ್ದರೆ ತೊಳೆಯಿರಿ, ಬಿರುಕಿದ್ದರೆ ಕಾಯಿಲ್ ಬದಲಿಸಿ. ಎರಡು ಸಣ್ಣ ಟರ್ಮಿನಲ್ಲುಗಳ ನಡುವೆ ಸುಮಾರು 3 ಓಮ್ ಇದ್ದರೆ ನೇರ 12 ವೋಲ್ಟಿನ ಕಾಯಿಲ್. 1.5ರ ಆಸುಪಾಸು ಇದ್ದರೆ ಕಾಯಿಲ್ಲಿಗೆ ಹೋಗುವ ಕರೆಂಟ್ ತಗ್ಗಿಸುವ ಬ್ಯಾಲಸ್ಟ್ ರೆಸಿಸ್ಟರ್ ಜೊತೆ ಕೆಲಸ ಮಾಡುವಂಥದು. ಅದಲುಬದಲಾದರೆ ಒಂದೋ ಪಾಯಿಂಟ್ ಸುಡುತ್ತದೆ, ಇಲ್ಲ ಕಿಡಿ ಸೊರಗುತ್ತದೆ. ದಪ್ಪ ಮೂತಿಯ ಕಡೆ ಸಾಮಾನ್ಯವಾಗಿ 7ರಿಂದ 15 ಕಿಲೋಓಮ್.

ಕಾಯಿಲ್ ನೆಗೆಟಿವ್ ಮತ್ತು ಅರ್ಥ್ ನಡುವೆ 12 ವೋಲ್ಟಿನ ಬಲ್ಬ್ ಕಚ್ಚಿಸಿ ಸೆಲ್ಫ್ ಕೊಡಿ. ಬಲ್ಬ್ ಮಿಣುಕಿದರೆ ಪಾಯಿಂಟ್ ತೆರೆದು ಮುಚ್ಚುತ್ತಿದೆ. ಹೊತ್ತಿಕೊಂಡೇ ಇದ್ದರೆ ಪಾಯಿಂಟ್ ಮುಚ್ಚುತ್ತಿಲ್ಲ ಅಥವಾ ಅದರ ಮೈಗೆ ಪೊರೆ ಕಟ್ಟಿದೆ. ಹೊತ್ತದೇ ಇದ್ದರೆ ಕರೆಂಟೇ ಬರುತ್ತಿಲ್ಲ, ಅಥವಾ ಪಾಯಿಂಟ್ ತೆರೆಯುತ್ತಿಲ್ಲ, ಅಥವಾ ಕಂಡೆನ್ಸರ್ ಒಳಗೆ ಅರ್ಥ್ ಆಗಿದೆ. ಕೀ ತಿರುಗಿಸಿ ಹಿಡಿದಾಗ ಇಂಜಿನ್ ಹಿಡಿದು, ಬಿಟ್ಟೊಡನೆ ಸಾಯುತ್ತದೆಯೇ? ಬ್ಯಾಲಸ್ಟ್ ರೆಸಿಸ್ಟರ್ ಅಥವಾ ಅದರ ವೈರ್ ನೋಡಿ. ತದ್ವಿರುದ್ಧವಾಗಿ, ಕೀ ಬಿಡುವ ಕ್ಷಣದಲ್ಲಿ ಮಾತ್ರ ‘ಡುರ್’ ಎಂದರೆ ಸೆಲ್ಫ್ ಹೊಡೆಯುವಾಗ ಕಾಯಿಲ್ಲಿಗೆ ಕರೆಂಟ್ ತಲುಪುತ್ತಿಲ್ಲ. ಇಗ್ನಿಷನ್ ಸ್ವಿಚ್ಚಿನ ಒಳಗಿನ ಕಿಲುಬೂ ಇದನ್ನು ಮಾಡುತ್ತದೆ.

ಪಾಯಿಂಟ್ ಅಂತರ ಮಾರುತಿಗೆ 0.4ರಿಂದ 0.5 ಮಿ.ಮೀ., ಅಂಬಾಸಿಡರಿನ ಲ್ಯೂಕಾಸ್ ಮಾದರಿಗೆ 0.35ರಿಂದ 0.40. ವಾರಗಟ್ಟಲೆ ನಿಂತ ಗಾಡಿಯ ಪಾಯಿಂಟಿಗೆ ಬೂದು ಪೊರೆ ಬಂದಿರುತ್ತದೆ. ಗಟ್ಟಿ ಕಾಗದದ ಚೂರನ್ನು ನಡುವೆ ಎಳೆದರೆ ಹೋಗುತ್ತದೆ, ಒಂದು ಕಡೆ ಗುಬಟು ಇನ್ನೊಂದು ಕಡೆ ಗುಳಿ ಬಿದ್ದಿದ್ದರೆ ಕಂಡೆನ್ಸರ್ ಸಮೇತ ಬದಲಿಸಿ. ಕಂಡೆನ್ಸರ್ ಸುಮಾರು 0.2ರಿಂದ 0.25 ಮೈಕ್ರೋಫ್ಯಾರಡ್ ಇರಬೇಕು. ಪಾಯಿಂಟ್ ಅಂತರ ಬದಲಿಸಿದರೆ ಟೈಮಿಂಗ್ (ಕಿಡಿ ಹಾರುವ ಕ್ಷಣ) ಹಿಂದೆ ಮುಂದೆ ಸರಿಯುತ್ತದೆ, ಅದನ್ನೂ ನೋಡಿಕೊಳ್ಳಬೇಕು. ಪರೀಕ್ಷೆ ಮಾಡುತ್ತ ಕೀ ಆನ್ ಬಿಟ್ಟು ಚಹಾಕ್ಕೆ ಹೋಗಬೇಡಿ, ಪಾಯಿಂಟ್ ಮುಚ್ಚಿದ್ದರೆ ಕಾಯಿಲ್ ಕಾದು ಕೆಡುತ್ತದೆ.

ಪ್ಲಗ್ ತೊಯ್ದಿದ್ದರೆ

ಹತ್ತು ಸಲ ಸೆಲ್ಫ್ ಹೊಡೆದ ಮೇಲೆ ಪ್ಲಗ್ ಪೆಟ್ರೋಲಿನಲ್ಲಿ ಅದ್ದಿರುತ್ತದೆ. ಆಗ ಮೂಲ ದೋಷ ಸರಿಮಾಡಿದರೂ ಗಾಡಿ ಹಿಡಿಯುವುದಿಲ್ಲ, ನೀವು ಸರಿಮಾಡಿದ್ದೇ ತಪ್ಪೆಂದುಕೊಂಡು ಬೇರೆ ಕಡೆ ಹುಡುಕಲು ಹೋಗುತ್ತೀರಿ. ಪ್ಲಗ್ ಬಿಚ್ಚಿ ಒಣಗಿಸಿ, ಅಂತರ 0.7ರಿಂದ 0.8 ಮಿ.ಮೀ.ಗೆ (ಅಂಬಾಸಿಡರಿಗೆ 0.6ರ ಮೇಲೆ ಸ್ವಲ್ಪ) ಹೊಂದಿಸಿ. ಬಿಳಿ ಪಿಂಗಾಣಿ ಒರೆಸಿ. ಮತ್ತೆ ಹಾಕಿದ ಮೇಲೆ ಚೋಕ್ ಒಳಗೆ ತಳ್ಳಿ, ಆಕ್ಸಿಲರೇಟರ್ ಪೂರ್ತಿ ಒತ್ತಿ ಹಿಡಿದು ಸೆಲ್ಫ್ ಕೊಡಿ. ಒಂದು ಸಲಕ್ಕೆ ಐದಾರು ಸೆಕೆಂಡು, ನಡುವೆ ಅರ್ಧ ನಿಮಿಷ ಬಿಡುವು. ಪ್ಲಗ್ ಮೂಳೆಯಂತೆ ಒಣಗಿದ್ದರೆ ಪೆಟ್ರೋಲೇ ಬರುತ್ತಿಲ್ಲ.

ಪೆಟ್ರೋಲಿನಲ್ಲಿ ನೀರು

ಟ್ಯಾಂಕಿನ ಮುಚ್ಚಳದ ರಬ್ಬರ್ ಒಡೆದಿದ್ದರೆ ಜಡಿಮಳೆಯಲ್ಲಿ ನೀರು ಇಳಿಯುತ್ತದೆ. ಅರ್ಧ ಖಾಲಿ ಟ್ಯಾಂಕಿನ ಗೋಡೆಗೆ ಬೆವರು ಕಟ್ಟಿಯೂ ಸ್ವಲ್ಪ ಸೇರುತ್ತದೆ. ನೀರು ಭಾರ, ತಳದಲ್ಲಿ ಕೂರುತ್ತದೆ, ಪೆಟ್ರೋಲ್ ಎಳೆಯುವ ಪೈಪೂ ತಳದಲ್ಲೇ. ಈಗಿನ ಎಥೆನಾಲ್ ಬೆರೆತ ಪೆಟ್ರೋಲ್ ಸ್ವಲ್ಪ ನೀರನ್ನು ತನ್ನೊಳಗೇ ಹಿಡಿದಿಟ್ಟುಕೊಳ್ಳುತ್ತದೆ, ಮಿತಿ ದಾಟಿದರೆ ಎಥೆನಾಲ್ ಸಮೇತ ಬೇರ್ಪಟ್ಟು ಕೆಳಗಿಳಿಯುತ್ತದೆ. ಹೀಗಾಗಿ ಮಳೆಗಾಲವಿಡೀ ಗಾಡಿ ನಿಲ್ಲಿಸುವವರ ಟ್ಯಾಂಕ್ ತುಂಬಿರಲಿ. ಕಾರ್ಬ್ಯುರೇಟರಿಗೆ ಬರುವ ಪೈಪ್ ಬಿಚ್ಚಿ ಗಾಜಿನ ಬಾಟಲಿಗೆ 200 ಮಿ.ಲೀ. ಹಿಡಿದು ಹತ್ತು ನಿಮಿಷ ಅಲುಗಿಸದೆ ಇಡಿ. ಕೆಳಗೆ ಬೇರೆ ಪದರ ಅಥವಾ ಗುಂಡು ಗುಂಡಾದ ಹನಿ ಕಂಡರೆ ಟ್ಯಾಂಕ್ ಬಸಿದು, ಫಿಲ್ಟರ್ ಬದಲಿಸಿ, ಕಾರ್ಬ್ಯುರೇಟರಿನಲ್ಲಿ ಪೆಟ್ರೋಲ್ ನಿಲ್ಲುವ ಫ್ಲೋಟ್ ಬೌಲ್ ತೊಳೆಯಬೇಕು. ಹಾಗೆಯೇ ಏರ್ ಫಿಲ್ಟರಿನ ಕಾಗದ ಒದ್ದೆಯಾಗಿದ್ದರೆ ಗಾಳಿ ಕಟ್ಟುತ್ತದೆ, ಪೂರ್ತಿ ಚೋಕ್ ಎಳೆದಂತೆಯೇ.

ದಾರಿಯಲ್ಲಿ ನಿಂತರೆ

ಅರಬೈಲ್ ಘಟ್ಟದಲ್ಲಿ ಬಂದ್ ಬಿದ್ದರೆ ಇಷ್ಟೆಲ್ಲ ಆಗುವುದಿಲ್ಲ. ಬಾನೆಟ್ ಎತ್ತಿ, ಕ್ಯಾಪ್ ಒಳಗೂ ಹೊರಗೂ ಒರೆಸಿ, ವೈರ್‌ಗಳನ್ನು ತುದಿಯಿಂದ ತುದಿಗೆ ಒರೆಸಿ, ಕಾಯಿಲ್ ಮೂತಿ ಒರೆಸಿ. ಡಬ್ಲ್ಯೂಡಿ-40ಯಂಥ ನೀರು ನೂಕುವ ಸ್ಪ್ರೇ ಕೆಲಸಕ್ಕೆ ಬರುತ್ತದೆ. ಆದರೆ ಅದು ಹೊತ್ತಿಕೊಳ್ಳುವ ವಸ್ತು. ಕ್ಯಾಪಿನೊಳಗೆ ಹೊಡೆದರೆ ಒರೆಸಿ, ಆವಿ ಹೋಗಲು ಎರಡು ಮೂರು ನಿಮಿಷ ಬಿಟ್ಟು ಮುಚ್ಚಿ. ಆಮೇಲೆ ಸೆಲ್ಫ್. ಪೆಟ್ರೋಲಿನಲ್ಲಿ ಬಟ್ಟೆ ಅದ್ದಿ ಒರೆಸುವುದು, ಬೆಂಕಿಕಡ್ಡಿ ಗೀರಿ ಕ್ಯಾಪ್ ಬೆಚ್ಚಗೆ ಮಾಡುವುದು ಬೇಡವೇ ಬೇಡ. ತೆಂಗಿನೆಣ್ಣೆ ಸವರುವವರೂ ಇದ್ದಾರೆ. ಆ ದಿನಕ್ಕೆ ನೀರು ತಡೆದೀತು, ಮರುದಿನದಿಂದ ಧೂಳು, ಉಪ್ಪು ಎಲ್ಲ ಅದಕ್ಕೇ ಅಂಟುತ್ತದೆ.

ಮನೆಗೆ ಬಂದ ಮೇಲೆ ಪ್ಲಗ್ ಟೋಪಿ, ಕ್ಯಾಪಿನ ವೈರ್ ಟೋಪಿಗಳ ಒಳಅಂಚಿಗೆ ಸಿಲಿಕೋನ್ ಡೈಎಲೆಕ್ಟ್ರಿಕ್ ಗ್ರೀಸ್ ಅಕ್ಕಿಕಾಳಿನಷ್ಟು ಸವರಿ. ಸಾಮಾನ್ಯ ಗ್ರೀಸ್ ರಬ್ಬರನ್ನು ಉಬ್ಬಿಸುತ್ತದೆ. ಡಿಸ್ಟ್ರಿಬ್ಯೂಟರಿಗೆ ಹಳೇ ಟ್ಯೂಬಿನ ಕೊಪ್ಪೆ ಮಾಡಿ ಹೊದಿಸಬಹುದು, ಮೇಲಿನಿಂದ ಮಾತ್ರ. ಕೆಳಗೆ ತೆರೆದಿರದಿದ್ದರೆ ಒಳಗೇ ಬೆವರುತ್ತದೆ. ಸಮುದ್ರದ ಹತ್ತಿರದವರು ಮೃಗಶಿರಕ್ಕೆ ಮೊದಲೊಮ್ಮೆ, ಆಶ್ಲೇಷದ ಹೊತ್ತಿಗೆ ಮತ್ತೊಮ್ಮೆ ಕ್ಯಾಪ್, ವೈರ್, ಕಾಯಿಲ್ ಸಿಹಿನೀರಿನಲ್ಲಿ ತೊಳೆದರೆ ಉಪ್ಪು ಕಟ್ಟುವುದಿಲ್ಲ. ಡಿಕ್ಕಿಯಲ್ಲಿ ಒಂದು ಕ್ಯಾಪ್, ರೋಟರ್, ಪಾಯಿಂಟ್ ಸೆಟ್, ಕಂಡೆನ್ಸರ್, ಎಲ್ಲಕ್ಕಿಂತ ಉದ್ದದ ಒಂದು ಪ್ಲಗ್ ವೈರ್ ಇರಲಿ. ಹಳೇ ಮಾದರಿಯದು ಭಾನುವಾರ ಸಂಜೆ ಕುಮಟೆಯಲ್ಲಿ ಹುಡುಕಿದರೆ ಸಿಗುವ ಸಾಮಾನಲ್ಲ.

ಎಂಪಿಎಫ್‌ಐ ಮತ್ತು ಡೀಸೆಲ್

ಎಂಪಿಎಫ್‌ಐ ಗಾಡಿಯಲ್ಲಿ ಕೀ ಆನ್ ಮಾಡಿದಾಗ ಹಿಂದಿನ ಸೀಟಿನ ಕಡೆ ಪಂಪಿನ ಗುಂಯ್ ಸದ್ದು ಎರಡು ಮೂರು ಸೆಕೆಂಡು ಕೇಳಬೇಕು. ಕೇಳದಿದ್ದರೆ ಫ್ಯೂಸ್, ರಿಲೇ, ಪಂಪ್. ಕೇಳಿದರೆ ಇಂಜಿನ್ ತಿರುಗುವುದನ್ನು ಗುರುತಿಸುವ ಕ್ರ್ಯಾಂಕ್ ಸೆನ್ಸರಿನ ಕನೆಕ್ಟರ್ ಬಿಚ್ಚಿ ಹಸಿರು ಕಿಲುಬು ಇದೆಯೇ ನೋಡಿ. ವೈಪರಿನ ಕೆಳಗಿನ ಜಾಲರಿಯ ನೀರುದಾರಿಯನ್ನು ಮಾವಿನೆಲೆ ಕಟ್ಟಿಕೊಂಡರೆ ನೀರು ಡ್ಯಾಶ್‌ಬೋರ್ಡಿನೊಳಗೆ ಇಳಿದು ಫ್ಯೂಸ್ ಬಾಕ್ಸ್, ಕಂಪ್ಯೂಟರ್ ಪೆಟ್ಟಿಗೆಗಳನ್ನು ತೋಯಿಸುತ್ತದೆ. ಕಾಲಡಿಯ ಚಾಪೆ ಒದ್ದೆ ಇದ್ದರೆ ಅದೇ ಸುಳಿವು. ಮಳೆಗೆ ಬೆಚ್ಚಗಿನ ಜಾಗ ಹುಡುಕಿ ಇಂಜಿನ್ ಮೇಲೆ ಬಂದು ಕೂರುವ ಇಲಿಗಳು ವೈರ್ ಕಡಿದಿರುವುದೂ ಉಂಟು, ಅದನ್ನು ಮೊದಲೇ ಒಮ್ಮೆ ನೋಡಿಬಿಡಿ. ಕ್ಯಾಟಲಿಟಿಕ್ ಕನ್ವರ್ಟರ್ ಇರುವ ಗಾಡಿಯನ್ನು ಪದೇ ಪದೇ ತಳ್ಳಿ ಹಿಡಿಸಬೇಡಿ. ಡೀಸೆಲ್ ಜೀಪಿಗೆ ಕಿಡಿಯೇ ಇಲ್ಲ. ಅಲ್ಲಿ ಬ್ಯಾಟರಿ, ಅರ್ಥ್ ಪಟ್ಟಿ, ಡೀಸೆಲ್ ಫಿಲ್ಟರಿನ ತಳದ ನೀರು, ಡೀಸೆಲ್ ಬಂದ್ ಮಾಡುವ ಸ್ಟಾಪ್ ಸೊಲೆನಾಯ್ಡಿಗೆ ಬರುವ ವೈರ್, ಇಷ್ಟೇ.

ರಿಪೇರಿ ಆಯಿತೆಂದು ಒಣ ಮಧ್ಯಾಹ್ನ ಸ್ಟಾರ್ಟ್ ಮಾಡಿ ನೋಡಿದರೆ ಅದು ಪರೀಕ್ಷೆ ಅಲ್ಲ, ಒಣಗಿದ್ದಾಗ ಅದು ಮೊದಲೂ ಹಿಡಿಯುತ್ತಿತ್ತು. ಮರುದಿನ ಬೆಳಿಗ್ಗೆ, ಇಂಜಿನ್ ತಣ್ಣಗಿರುವಾಗ, ಕ್ಯಾಪ್, ವೈರ್, ಕಾಯಿಲ್ ಮೂತಿಯ ಮೇಲೆ ಸ್ಪ್ರೇ ಬಾಟಲಿಯಿಂದ ಎಂಟು ಹತ್ತು ಸಲ ನೀರು ಚಿಮುಕಿಸಿ ಸೆಲ್ಫ್ ಕೊಡಿ. ಮೊದಲ ಮೂರು ಪ್ರಯತ್ನದೊಳಗೆ ಹಿಡಿಯದಿದ್ದರೆ ಇನ್ನೊಂದು ಕಡೆ ಸೋರುತ್ತಿದೆ. ರಾತ್ರಿ ಮತ್ತೆ ಕತ್ತಲ ಪರೀಕ್ಷೆ ಮಾಡಿ.